ಬುಟ್ಟಿ ಮಾಮನ ಬಲಗೈ

ಬುಟ್ಟಿ ಮಾಮನ ಅಭಿಮಾನಿಗಳ ಸಭೆ ಇದೆ, ಬಾ ಎಂದು ನನಗೆ ಯಾರೂ ಹೇಳಿಕಳಿಸಲಿಲ್ಲ. ನಾನು ಆಲ್ಟರೇಷನ್ ಕೆಲಸ ಮಾಡುವ ಡ್ರೈಕ್ಲೀನಿಂಗ್ ಅಂಗಡಿಯ ಗಾಜಿಗೆ ಯಾರೋ ಚೀಟಿ ಅಂಟಿಸಿ ಹೋಗಿದ್ದರು. ಭಾನುವಾರ ಮಧ್ಯಾಹ್ನ ಮೂರಕ್ಕೆ, ಲೈಬ್ರರಿಯ ಮಹಡಿಯಲ್ಲಿ, ‘ಇಂದಿನ ಕಾಲಕ್ಕೆ ನಮ್ಮ ಮಾಮ ಹೇಗಿರಬೇಕು?’ ಎಂಬ ಚರ್ಚೆ, ಎಲ್ಲರಿಗೂ ಸ್ವಾಗತ. ಭಾನುವಾರ ಮಧ್ಯಾಹ್ನವೆಂದರೆ ನನ್ನ ಪಾಲಿಗೆ ವಾರದಲ್ಲೇ ಅತಿ ಉದ್ದದ ಹೊತ್ತು. ಬಟ್ಟೆ ಒಗೆದು, ಮಡಚಿ, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರೂ ಗಡಿಯಾರ ಎರಡು ದಾಟುವುದಿಲ್ಲ. ಹೋದೆ.

ಮಾಮನನ್ನು ನೋಡಿ ಬೆಳೆಯದವರಿಗೆ ಒಂದೆರಡು ಮಾತು ಹೇಳಬೇಕು. ಟಿವಿಯಲ್ಲಿ ಇಪ್ಪತ್ತೊಂದು ವರ್ಷ ಬಂದ ಗೊಂಬೆ ಅವನು. ಕೊಳೆಬಟ್ಟೆಯ ಬುಟ್ಟಿಯಲ್ಲಿ ವಾಸ, ಬದನೆಕಾಯಿ ಮೂಗು, ಇಡೀ ಲೋಕದ ಮೇಲೆ ಸಿಡುಕು. ಮಕ್ಕಳು ಏನೇ ಕೇಳಲಿ, ಮೊದಲು ರೇಗಿ ಆಮೇಲೆ ಉತ್ತರ ಹೇಳುತ್ತಿದ್ದ. ಅವನ ತಲೆ, ಬಾಯಿ, ಎಡಗೈ, ದನಿ ಎಲ್ಲವೂ ಒಬ್ಬರದೇ. ಸ್ಟುಡಿಯೋದಲ್ಲಿ ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಅವರ ಒಂದು ಕೈ ಗೊಂಬೆಯ ತಲೆಯೊಳಗೆ, ಇನ್ನೊಂದು ಎಡ ತೋಳಿನೊಳಗೆ. ದೇವರು ಮನುಷ್ಯನಿಗೆ ಮೂರನೇ ಕೈ ಕೊಟ್ಟಿಲ್ಲವಲ್ಲ, ಅದಕ್ಕೆ ಬಲ ತೋಳಿಗೆ ನನ್ನನ್ನು ಇಟ್ಟುಕೊಂಡಿದ್ದರು.

ಮೇಜಿನ ಮರೆಯಲ್ಲಿ ಗಿಡ್ಡ ಸ್ಟೂಲುಗಳ ಮೇಲೆ ಇಬ್ಬರೂ ಒತ್ತಿಕೊಂಡು ಕೂತು ಕೈ ಮೇಲೆತ್ತಬೇಕು. ನನ್ನ ತಲೆ ಅವರ ಕಂಕುಳಿಗೆ ತಾಗುತ್ತಿತ್ತು. ಕಾಲ ಬುಡದಲ್ಲಿ ಒಂದು ಚಿಕ್ಕ ಟಿವಿ, ಅದರಲ್ಲಿ ಮಾಮ ಏನು ಮಾಡುತ್ತಿದ್ದಾನೆಂದು ನಾವೇ ನೋಡಿಕೊಳ್ಳಬೇಕು. ಮೈಕು ಮೇಷ್ಟ್ರ ಹಣೆಗೆ ಕಟ್ಟಿರುತ್ತಿದ್ದರಿಂದ ನಾನು ಉಸಿರನ್ನೂ ಜೋರಾಗಿ ಬಿಡುವಂತಿರಲಿಲ್ಲ. ಅಷ್ಟು ಹತ್ತಿರ ನಾನು ಬೇರೆ ಯಾರ ಪಕ್ಕದಲ್ಲೂ ಕೂತವಳಲ್ಲ. ನಾಲ್ಕು ವರ್ಷ ಜೊತೆಗಿದ್ದು ಬಿಟ್ಟುಹೋದ ಗಂಡನ ಪಕ್ಕದಲ್ಲೂ ಕೂತಿರಲಿಲ್ಲ. ಕೊನೆಯಲ್ಲಿ ಹೆಸರುಗಳು ಬರುವಾಗ ಮೇಷ್ಟ್ರದು ದೊಡ್ಡದಾಗಿ ಬರುತ್ತಿತ್ತು. ನಾನು ‘ಮತ್ತು ಇತರರು’ ಎಂಬುದರಲ್ಲಿದ್ದೆ.

ಎಂಟು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಪೇಪರಿನಲ್ಲಿ ಓದಿದೆ. ಮನೆಯ ವಿಳಾಸ ಗೊತ್ತಿತ್ತು. ಆದರೆ ಅವರ ಹೆಂಡತಿಯ ಮುಂದೆ ನಿಂತು ನಾನು ಯಾರೆಂದು ಹೇಳಿಕೊಳ್ಳಲಿ? ಹೋಗಲಿಲ್ಲ.

ಲೈಬ್ರರಿಯ ಮಹಡಿಯಲ್ಲಿ ನನ್ನನ್ನೂ ಸೇರಿಸಿ ಹನ್ನೆರಡು ಜನ. ಕನ್ನಡಕದಂಗಡಿಯವರು ಅಧ್ಯಕ್ಷರು. ಟಿವಿ ಕಂಪನಿಯವರು ಮಾಮನನ್ನು ಮತ್ತೆ ತರುತ್ತಿದ್ದಾರೆ, ಈ ಸಲ ಬಟ್ಟೆಯ ಗೊಂಬೆಯಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಮಾಮ, ಏನೇನು ಉಳಿಸಬೇಕೆಂದು ನಮ್ಮ ಸಂಘವನ್ನು ಕೇಳಿದ್ದಾರೆ, ನಾಳೆಯೇ ಪತ್ರ ಹೋಗಬೇಕು ಎಂದರು. ಆಮೇಲೆ ಶುರುವಾಯಿತು ನೋಡಿ. ಮಾಮನಿಗೆ ಮೊಬೈಲ್ ಕೊಡಬೇಕೇ? ಬುಟ್ಟಿ ಬಿಡಿಸಿ ವಾಷಿಂಗ್ ಮೆಷಿನ್ನಿನೊಳಗೆ ಕೂರಿಸಬೇಕೇ? ಈಗಿನ ಮಕ್ಕಳಿಗೆ ರೇಗಿದರೆ ತಂದೆತಾಯಿ ಸುಮ್ಮನಿರುತ್ತಾರೆಯೇ? ಅರ್ಧ ನಿಮಿಷದ ವಿಡಿಯೋದಲ್ಲಿ ರೇಗುವುದಕ್ಕೇ ಹೊತ್ತು ಸಾಲದು, ಇನ್ನು ಉತ್ತರ ಯಾವಾಗ ಹೇಳುವುದು? ಅಧ್ಯಕ್ಷರು ಯಾರ ಮಾತಿಗೂ ಹೌದೆನ್ನದೆ ಇಲ್ಲವೆನ್ನದೆ ತಲೆ ಅಲ್ಲಾಡಿಸುತ್ತ ಕೂತಿದ್ದರು. ನನಗೆ ನಗು ಬರುತ್ತಿತ್ತು. ಮಾಮನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಇನ್ನೂ ಸ್ವಲ್ಪ ಜಗಳವಾಡಲಿ ಎಂದುಕೊಂಡೆ.

ಆಗ ಲ್ಯಾಬ್ ಹುಡುಗಿ ಎದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಮಾತು ಚಾಕುವಿನಷ್ಟು ಚುರುಕು.

“ಮೊಬೈಲು ಗಿಬೈಲು ಬಿಡಿ. ನಿಜವಾದ ತೊಂದರೆ ಇರೋದು ಬಲಗೈಲಿ,” ಎಂದಳು. “ನಾನು ಎಲ್ಲಾ ಕಂತೂ ನೋಡಿದೀನಿ. ಮಾತಿಗೂ ಆ ಕೈಗೂ ಸಂಬಂಧಾನೇ ಇಲ್ಲ. ಅವನೇನೋ ಹೇಳ್ತಾ ಇರ್ತಾನೆ, ಅದು ಬುಟ್ಟಿ ಅಂಚು ಸವರುತ್ತೆ, ಗುಂಡಿ ತಿರುಗಿಸುತ್ತೆ, ಸುಮ್ನೆ ತಟ್ಟುತ್ತೆ. ನೋಡೋರ ಗಮನ ಎಲ್ಲ ಅಲ್ಲೇ ಹೋಗುತ್ತೆ. ಕಂಪ್ಯೂಟರು ಹಳೇ ಕಂತು ನೋಡಿ ಅದನ್ನೂ ಕಲಿತುಬಿಟ್ರೆ ಹೊಸ ಮಾಮನೂ ಹಾಗೇ ಆಡ್ತಾನೆ. ಅದನ್ನ ನಿಲ್ಲಿಸಿ ಅಂತ ಬರೀಬೇಕು.”

ಇಪ್ಪತ್ತೊಂದು ವರ್ಷದಲ್ಲಿ ನಾನು ಮಾಡಿದ ಕೆಲಸ ಅದೊಂದೇ, ಅದನ್ನು ಈ ಹುಡುಗಿ ಎರಡು ನಿಮಿಷದಲ್ಲಿ ಗುಡಿಸಿ ಹಾಕಿದ್ದಳು. ಆ ಕೈ ಉಳಿಯಲೇಬೇಕು, ಯಾರ ಹೆಸರಿನಲ್ಲಾದರೂ ಸರಿ, ಎಂದು ಆ ಕ್ಷಣ ನನಗೆ ಬಲವಾಗಿ ಅನ್ನಿಸಿತು.

ನನ್ನ ಪರವಾಗಿ ಎದ್ದವರು ರಿಟೈರಾದ ಪೋಸ್ಟ್‌ಮ್ಯಾನ್. “ಅದನ್ನ ತೆಗೆದ್ರೆ ಉಳಿಯೋದೇನಮ್ಮ, ಬರೀ ಬೈಗುಳ,” ಎಂದರು. “ರೇನ್‌ಕೋಟ್ ಕಂತು ನೆನಪಿದೆಯಾ? ಹುಡುಗ ಮಾಮನ ರೇನ್‌ಕೋಟ್ ಕಳೆದುಹಾಕಿರ್ತಾನೆ. ಮಾಮ ಬಾಯಿಗೆ ಬಂದ ಹಾಗೆ ಬೈತಾನೆ. ಬೈತಾ ಬೈತಾ ಅವನ ಬಲಗೈ ಹೋಗಿ ತನ್ನ ತಲೇನ ತಾನೇ ಸವರುತ್ತೆ. ನನ್ನ ಹೆಂಡತಿ ತೀರಿಕೊಂಡ ವರ್ಷ ಅದನ್ನ ಎಷ್ಟು ಸಲ ಹಾಕ್ಕೊಂಡು ನೋಡಿದೀನೋ. ಸಿಟ್ಟಿನ ಒಳಗೆ ದುಃಖ ಇರುತ್ತೆ ಅಂತ ಆ ಗೊಂಬೆಗೆ ಗೊತ್ತಿತ್ತು.”

ಗೊಂಬೆಗೆ ಏನೂ ಗೊತ್ತಿರಲಿಲ್ಲ. ಆ ಕಂತು ತೆಗೆದ ದಿನ ಬೆಳಗಿನ ಜಾವ ಮೇಷ್ಟ್ರ ತಾಯಿ ತೀರಿಕೊಂಡಿದ್ದರು. ಮಣ್ಣು ಮಾಡುವುದು ಸಂಜೆಗೆ, ಎಲ್ಲ ಸಿದ್ಧವಾಗಿದೆ, ಮುಗಿಸಿಯೇ ಹೋಗುತ್ತೇನೆ ಎಂದು ಬಂದು ಕೂತರು. ದನಿ ಒಂದಿಷ್ಟೂ ಅಲುಗಲಿಲ್ಲ. ಆದರೆ ನನ್ನ ಭುಜಕ್ಕೆ ಒತ್ತಿದ್ದ ಅವರ ಪಕ್ಕೆ ನಡುಗುತ್ತಿತ್ತು. ಮೈಕು ಇದ್ದುದರಿಂದ ಸಮಾಧಾನದ ಒಂದು ಮಾತನ್ನೂ ಆಡುವಂತಿರಲಿಲ್ಲ. ನನ್ನ ಕೈ ಮಾಮನ ತೋಳಿನಲ್ಲಿತ್ತು. ಅದನ್ನೇ ಎತ್ತಿ ಮಾಮನ ತಲೆ ಸವರಿದೆ. ಮೇಷ್ಟ್ರು ಕೆಳಗಿನ ಟಿವಿಯಲ್ಲಿ ಅದನ್ನು ನೋಡಿದರು, ಒಂದು ಮಾತೂ ತಪ್ಪದೆ ಬೈಗುಳ ಮುಗಿಸಿದರು. ಆಮೇಲೆ ಮೈಕು ಬಿಚ್ಚಿಟ್ಟು, “ಇನ್ನು ಸೋಮವಾರಕ್ಕೆ,” ಎಂದು ಹೇಳಿ ಹೊರಟುಹೋದರು. ಅದರ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಲ್ಯಾಬ್ ಹುಡುಗಿ ಸುಲಭಕ್ಕೆ ಬಗ್ಗುವವಳಲ್ಲ. ತಾನೇ ಹೊಲಿದ ಮಾಮನನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಹೊಲಿಗೆ ಅಚ್ಚುಕಟ್ಟಾಗಿತ್ತು, ಮೂಗಂತೂ ನಮ್ಮದಕ್ಕಿಂತ ಚೆನ್ನಾಗಿತ್ತು. ಬಲಗೈಯನ್ನು ಮಾತ್ರ ಹೊಟ್ಟೆಯ ಮೇಲಿಟ್ಟು ಹೊಲಿದುಬಿಟ್ಟಿದ್ದಳು.

“ಕೈ ಯಾಕಮ್ಮ ಹೊಲಿದಿದೀಯ?” ಎಂದೆ. ಸಭೆಯಲ್ಲಿ ನಾನು ಆಡಿದ ಮೊದಲ ಮಾತು ಅದು.

“ಇನ್ನೇನು ಮಾಡ್ಲಿ ಆಂಟಿ, ನನಗಿರೋದು ಎರಡೇ ಕೈ.”

“ಅವರಿಗೂ ಎರಡೇ ಇದ್ದದ್ದು.”

ಮಾಮನ ಅಂಗಿಯಲ್ಲಿ ಎಷ್ಟು ಗುಂಡಿಯಿತ್ತು ಎಂಬ ಲೆಕ್ಕ ಇಟ್ಟಿದ್ದ ಜನ, ಕೈಗಳನ್ನು ಎಣಿಸಿರಲಿಲ್ಲ.

“ಹಾಗಾದ್ರೆ ಇಬ್ಬರು ಆಡಿಸ್ತಿದ್ರು,” ಎಂದಳು ಹುಡುಗಿ ನಿಧಾನವಾಗಿ. “ಇನ್ನೊಬ್ರು ಯಾರು?”

ಹೇಳಬಹುದಾಗಿತ್ತು. ಹನ್ನೊಂದು ಮುಖಗಳು ನನ್ನ ಕಡೆಗೇ ತಿರುಗಿದ್ದವು. ಹೇಳಿದ್ದರೆ ಕುರ್ಚಿ ಮುಂದಕ್ಕೆಳೆದು ಕೂರಿಸಿ ಮಾತಾಡಿಸುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ, ತಲೆ ಯಾಕೆ ಸವರಿದಿರಿ ಎಂದು ಪೋಸ್ಟ್‌ಮ್ಯಾನ್ ಕೇಳುತ್ತಿದ್ದರು.

“ಹೆಸರು ಹಾಕಿರಲಿಲ್ಲ,” ಎಂದೆ.

ಪೋಸ್ಟ್‌ಮ್ಯಾನ್ ಬಿಡಲಿಲ್ಲ. ಇಬ್ಬರು ಆಡಿಸಿದರೆ ಹೇಗೆ ಕಾಣುತ್ತದೋ ಈಗಲೇ ನೋಡಿಬಿಡೋಣ ಎಂದರು. ನನ್ನ ಪರ್ಸಿನಲ್ಲಿ ಪುಟ್ಟ ಕತ್ತರಿ ಸದಾ ಇರುತ್ತದೆ. ಹೊಲಿಗೆ ಬಿಚ್ಚುವುದು ನನ್ನ ಈಗಿನ ಕಸುಬು ಎಂದು ಹೇಳಿ ಕೈಯನ್ನು ಬಿಡಿಸಿದೆ, ತೋಳಿನ ಬುಡದಲ್ಲೂ ದಾರಿ ಮಾಡಿದೆ. ಮೇಜಿಗೆ ಒಂದು ಪರದೆ ಇಳಿಬಿಟ್ಟರು. ಹುಡುಗಿಯೂ ನಾನೂ ಅದರ ಹಿಂದೆ ನೆಲದ ಮೇಲೆ ಕೂತೆವು. ಅವಳಿಗೆ ಮೈ ತಾಗಿಸಲು ಸಂಕೋಚ. “ಇನ್ನೂ ಒತ್ತಿಕೊಂಡು ಕೂರಮ್ಮ,” ಎಂದೆ. ಒತ್ತಿ ಕೂತಳು. ಅವಳ ಮೈ ಬೆಚ್ಚಗಿತ್ತು, ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

“ರೇನ್‌ಕೋಟ್ ಮಾತು ಹೇಳಮ್ಮ,” ಎಂದು ಆ ಕಡೆಯಿಂದ ಪೋಸ್ಟ್‌ಮ್ಯಾನ್ ಕೂಗಿ ಹೇಳಿದರು.

ಹೇಳಿದಳು. ಒಂದಕ್ಷರ ಬಿಡದೆ ಬಾಯಿಪಾಠವಿತ್ತು ಅವಳಿಗೆ, ದನಿಯನ್ನೂ ಕಷ್ಟಪಟ್ಟು ದಪ್ಪ ಮಾಡಿದ್ದಳು. ನಾನು ಮಾಮನ ಬಲ ತೋಳಿನೊಳಗೆ ಕೈಯಿಟ್ಟು, ಅದು ಏಳುವುದಕ್ಕೆ ಕಾದೆ. ಎಲ್ಲಿ ಏಳಬೇಕು, ಎಲ್ಲಿ ಸವರಬೇಕು, ಎಲ್ಲ ನನಗೆ ನೆನಪಿತ್ತು. ಕೈ ಏಳಲಿಲ್ಲ. ನೋವೂ ಇಲ್ಲ, ಮರಗಟ್ಟಿಯೂ ಇಲ್ಲ. ಅದಕ್ಕೆ ಹೇಳುವುದೇನೂ ಇರಲಿಲ್ಲ, ಅಷ್ಟೇ.

ಲ್ಯಾಬ್ ಹುಡುಗಿ ಹೇಳಿದ್ದು ನಿಜವೇ. ಮಾಮನ ಮಾತಿಗೂ ಆ ಕೈಗೂ ಸಂಬಂಧವಿರಲಿಲ್ಲ. ಮಾಮ ಮಕ್ಕಳೊಡನೆ ಮಾತಾಡುತ್ತಿದ್ದ, ನಾನು ಮೇಷ್ಟ್ರೊಡನೆ. ನಿಧಾನ ಮಾಡಿ, ಉಸಿರು ತಗೊಳ್ಳಿ, ರಾತ್ರಿ ನಿದ್ದೆ ಬರಲಿಲ್ಲವೇ, ನಾನಿದ್ದೇನೆ. ಇಷ್ಟನ್ನೇ ಇಪ್ಪತ್ತೊಂದು ವರ್ಷ ಬುಟ್ಟಿಯ ಅಂಚಿನ ಮೇಲೆ ಹೇಳುತ್ತ ಬಂದಿದ್ದೆ. ನನಗೆ ಅವರ ಮೇಲೆ ಪ್ರೀತಿಯಿತ್ತು. ಹೆಂಡತಿ ಮಕ್ಕಳಿದ್ದ ಮನುಷ್ಯ, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ. ಈಗ ಅದನ್ನು ಯಂತ್ರಕ್ಕೆ ಕಲಿಸುತ್ತಾರಂತೆ. ವಾಷಿಂಗ್ ಮೆಷಿನ್ನಿನೊಳಗೆ ಕೂತು ಅರ್ಧ ನಿಮಿಷಕ್ಕೊಮ್ಮೆ ಯಾರಿಗೂ ಅಲ್ಲದೆ ಆಡುತ್ತದಂತೆ.

“ಸಾರಿ ಆಂಟಿ, ನಾನು ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ,” ಎಂದಳು ಹುಡುಗಿ ಮೆಲ್ಲಗೆ.

“ನೀನು ಚೆನ್ನಾಗೇ ಹೇಳಿದೆ. ನನ್ನ ಕೈಲಿ ಆಗಲಿಲ್ಲ,” ಎಂದೆ.

ಮತಕ್ಕೆ ಹಾಕಿದರು. ಅಧ್ಯಕ್ಷರು ತಾವು ತಟಸ್ಥ ಎಂದರು. ಬಲಗೈ ಮೊದಲಿನ ಹಾಗೇ ಆಡಲಿ ಎಂದವರು ಐದು ಜನ, ನಿಲ್ಲಿಸಿ ಎಂದವರು ಆರು. ಆರನೆಯವಳು ನಾನು. ಪೋಸ್ಟ್‌ಮ್ಯಾನ್ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಗುರುತು ಸಿಗದವರನ್ನು ನೋಡುವಂತೆ ನನ್ನನ್ನು ನೋಡಿದರು.

ಮೆಟ್ಟಿಲಿಳಿಯುವಾಗ ಅವರು ಜೊತೆಯಾದರು. ಮಂಡಿ ನೋವಿರಬೇಕು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಅವರಿಗಾಗಿ ನಾನೂ ನಿಧಾನ ಮಾಡಿದೆ.

“ನೀವು ನಮ್ಮ ಕಡೆ ಅಂದ್ಕೊಂಡಿದ್ದೆ,” ಎಂದರು. “ನಿಮ್ಮದೊಂದು ಮತ ಬಿದ್ದಿದ್ರೆ ಆ ಕೈ ಉಳೀತಿತ್ತು.”

“ಉಳಿದು ಏನು ಮಾಡಬೇಕಿತ್ತು? ಪಕ್ಕದಲ್ಲಿ ಅವರೇ ಇಲ್ಲವಲ್ಲ,” ಎಂದೆ.

ಯಾರು ಎಂಬಂತೆ ಅವರು ಮುಖ ನೋಡಿದರು. ಬಿಡಿಸಿ ಹೇಳುವಷ್ಟು ಹೊತ್ತು ನನ್ನ ಬಳಿ ಇತ್ತು, ಕೇಳುವಷ್ಟು ಹೊತ್ತು ಅವರ ಬಳಿಯೂ ಇತ್ತು. ಇನ್ನೂ ನಾಲ್ಕೂವರೆ. ಕೆಳಗಿನ ಬಾಗಿಲ ತನಕ ಜೊತೆಗೆ ನಡೆದು, ಅವರು ಆ ಕಡೆ ಹೋದರು, ನಾನು ಈ ಕಡೆ ಬಂದೆ.