ಒಂದೇ ಕೂಗು

ನವಿಲಲ್ಲ, ನವಿಲು ಹೀಗೆ ಅರ್ಧಕ್ಕೆ ನಿಲ್ಲಿಸುವುದಿಲ್ಲ, ಗುಡ್ಡದ ಕಡೆಯಿಂದಲೇ ಬಂತು ಕೂಗು, ಒಂದೇ ಸಲ, ಸೌತೆಕಾಯಿ ಹೆಚ್ಚುತ್ತಿದ್ದ ಕೈ ಹಾಗೇ ನಿಂತಿದೆ — ಇವರೇ ಇರಬೇಕು, ನೀರು ಬರುವುದಿಲ್ಲವೆಂದು ನಾಲ್ಕು ಗಂಟೆಗೆ ಗುಡ್ಡಕ್ಕೆ ಪೈಪು ನೋಡಲು ಹೋದವರು, ಒರತೆಯ ಹತ್ತಿರ ಮೊಬೈಲು ಸಿಗುವುದಿಲ್ಲ, ಈಗ ಆರೂಕಾಲು. ಜಗಲಿಯಲ್ಲಿ ದೀಪ್ತಿಯ ಬಾಯಿಪಾಠವೂ ನಿಂತಿದೆ, ನಾಳೆ ರಾಮಕುಂಜದಲ್ಲಿ ಇಂಗ್ಲಿಷ್ ಶಬ್ದಗಳ ಸ್ಪರ್ಧೆ, ಈಗಷ್ಟೇ ಹೇಳುತ್ತಿದ್ದಳು, ವೊಸಿಫರೇಟ್, ಅಮ್ಮ ಕೇಳು, ಜೋರು ಬೊಬ್ಬೆ ಹಾಕುದು ಅಂತ ಅರ್ಥ, ಲ್ಯಾಟಿನಿಂದ ಬಂದದ್ದು, ವೋಕ್ಸ್ ಅಂದ್ರೆ ದನಿ, ಫೆರ್ರೆ ಅಂದ್ರೆ ಹೊರುದು. ಬೊಬ್ಬೆ ಹಾಕಲಿಕ್ಕೆ ಅಷ್ಟು ದೂರದಿಂದ ಶಬ್ದ ತರಬೇಕಾ ಮಾರಾಯ್ತಿ ಎಂದು ನಕ್ಕಿದ್ದೆ, ಈಗ ನಗು ಎಲ್ಲಿ. ಅಮ್ಮ, ಅಪ್ಪ ಕರೆದದ್ದಲ್ವಾ? ಸುಮ್ನಿರು ನೀನು, ಅತ್ತೆಯ ದನಿ, ಮುಚ್ಚಂಜೆ ಹೊತ್ತಿಗೆ ಒಂದು ಕೂಗಿಗೆ ಓ ಹೇಳ್ಬಾರ್ದು, ಸತ್ತವರ ಕುಲೆ ಆದ್ರೆ ಒಂದೇ ಸಲ ಕರಿಯುದು, ಮನುಷ್ಯ ಆದ್ರೆ ಇನ್ನೊಂದು ಸರ್ತಿ ಕರೀತಾನೆ.

ಇನ್ನೊಂದು ಸರ್ತಿ. ಆಲಂಕಾರಿನ ತವರಿನಲ್ಲೂ ಇದೇ ಮಾತು, ನನಗೆ ಒಂಬತ್ತು ವರ್ಷ, ಅಪ್ಪ ಏಣಿ ಇಟ್ಟು ಕರಿಮೆಣಸು ಕೊಯ್ಯುತ್ತಿದ್ದಾನೆ, ಕತ್ತಲಾಗುವ ಮೊದಲು ಒಂದು ಕೂಗು, ನಾನು ಓ ಅನ್ನಲು ಬಾಯಿ ತೆರೆಯುತ್ತೇನೆ, ಅವ್ವನ ಅಂಗೈ ಬಂದು ಮುಚ್ಚುತ್ತದೆ, ಬೆಳ್ಳುಳ್ಳಿ ಸುಲಿದ ಅಂಗೈ, ತಡಿ, ಇನ್ನೊಮ್ಮೆ ಕರೀಲಿ. ಕಾದೆವು, ಅನ್ನ ಬೆಂದಿತು, ಗಂಜಿ ಬಸಿದಾಯಿತು. ಪಕ್ಕದ ಮನೆಯ ಶಾನವಾಝ್ ಆ ದಾರಿಯಲ್ಲಿ ಬರದಿದ್ದರೆ ಮರುದಿನವೇ ಗೊತ್ತಾಗುತ್ತಿತ್ತೋ ಏನೋ, ಏಣಿ ಜಾರಿತ್ತು, ಪುತ್ತೂರಿನ ಡಾಕ್ಟರು ಪಕ್ಕೆಲುಬು ಮುರಿದು ಒಳಗೆ ಚುಚ್ಚಿದೆ ಎಂದರು, ಎರಡನೇ ಸಲ ಕೂಗಲು ಅವರಲ್ಲಿ ಉಸಿರೆಲ್ಲಿತ್ತಮ್ಮ. ಅಪ್ಪ ಉಳಿಯಲಿಲ್ಲ. ಅವ್ವನನ್ನು ಯಾರೂ ಬೈಯಲಿಲ್ಲ, ನಾನೂ ಬೈಯಲಿಲ್ಲ, ಆದರೆ ಆಮೇಲೆ ಅವಳು ಒಂದೇ ಕೂಗಿಗೆ ಓಡುತ್ತಿದ್ದಳು, ಮೀನಿನವ ಕರೆದರೂ, ಸೆರಗು ಸುತ್ತಿಕೊಂಡು, ಬಂದೆ ಬಂದೆ ಎನ್ನುತ್ತ. ದನಿ ಹೊರುವುದಂತೆ, ಸರಿಯಾಗಿಯೇ ಹೇಳಿದ್ದಾರೆ, ಸೊಪ್ಪಿನ ಹೊರೆ ಹೊತ್ತು ಬಂದವರಿಗೆ ಇಳಿಸಲು ಇನ್ನೊಬ್ಬರು ಕೈ ಕೊಡಬೇಕು, ಕೊಡದೆ ಅಂಗಳದಲ್ಲಿ ನಿಲ್ಲಿಸಿ ನೀನು ಮನುಷ್ಯನೋ ಕುಲೆಯೋ ಎಂದು ಯಾರಾದರೂ ಕೇಳುತ್ತಾರೆಯೇ.

ಇಲ್ಲ, ನಾನು ಕಾಯುವುದಿಲ್ಲ. ಕತ್ತಿ ಕೆಳಗಿಟ್ಟೆ, ಜಗಲಿಗೆ ಬಂದೆ, ದೀಪ್ತಿ ಬಾಯಿ ತೆರೆಯುತ್ತಿದ್ದಾಳೆ, ಅತ್ತೆಯ ಕೈ ಅವಳ ಬಾಯಿಯ ಕಡೆಗೆ ಎದ್ದಿದೆ — ಹಿಡಿದೆ, ಗಟ್ಟಿಯಾಗಿ, ಇಪ್ಪತ್ತು ವರ್ಷದಲ್ಲಿ ಅವರ ಮಾತಿಗೆ ಎದುರಾಡಿದವಳಲ್ಲ, ಹರಿಣಾಕ್ಷೀ, ಎಂತ ನಿನ್ನ ಅಹಂಕಾರ? ಹೌದು ಅತ್ತೆ, ಅಹಂಕಾರವೇ, ಕುಲೆಯಾದ್ರೆ ಬರ್ಲಿ, ಚಾ ಮಾಡಿ ಕೊಡ್ತೇನೆ. ಕೂಗು ಮಗಾ, ನಿನ್ನ ಹತ್ರ ಎಷ್ಟುಂಟೋ ಅಷ್ಟೂ ಹಾಕಿ ಕೂಗು. ಓ — ಅವಳದ್ದು, ಓ — ನನ್ನದು, ಇಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತು, ಅಂಗಳ ದಾಟಿದೆ, ಗುಡ್ಡದ ಮೆಟ್ಟಿಲು, ಓ, ಚಪ್ಪಲಿ ಹಾಕಲಿಲ್ಲ, ಓ, ಏನೂ ಇಲ್ಲ, ಏನೂ ಇಲ್ಲ, ಮತ್ತೆ ಮೇಲಿನಿಂದ ಸಣ್ಣಗೆ, ಇಲ್ಲಿ, ಕಾಲು ಕಲ್ಲಿನಡಿ ಸಿಕ್ಕಿದೆ, ಯಾರೂ ಇಲ್ಲ ಅಂತ ಸುಮ್ಮನಾದೆ ಮಾರಾಯ್ತಿ. ಬಂದೆವು, ಬಂದೆವು, ದೀಪ್ತಿ ಅಂಗಳದ ಮೂಲೆಯ ಹಾರೆ ಎತ್ತಿಕೊಂಡು ನನ್ನನ್ನು ದಾಟಿ ಓಡುತ್ತಿದ್ದಾಳೆ, ನನ್ನ ಕಾಲೂ ಓಡುತ್ತಿದೆ — ಯಾರೂ ಇಲ್ಲ ಅಂತ ಸುಮ್ಮನಾದೆ — ಅಪ್ಪನೂ ಹಾಗೆಯೇ ಅಂದುಕೊಂಡನೋ ಏನೋ, ಒಂದು ಓ ಕೇಳಿದ್ದರೆ, ಒಂದೇ ಒಂದು, ನನ್ನ ಬಾಯಿಯಲ್ಲೇ ಇತ್ತು ಅದು, ಅವ್ವನ ಅಂಗೈ, ಅಂಗೈಯ ಬೆಳ್ಳುಳ್ಳಿ ನಾತ, ಅಂಗೈ.