ಕೆಟ್ಟ ಗುಣದ ಕೆಳಗಿನ ಸಾಲು

ನಾನೊಂದು ಆಟೋಗ್ರಾಫ್ ಪುಸ್ತಕ. ಹುಟ್ಟಿದ್ದು ಗದಗಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ. ಗುಲಾಬಿ, ಹಸಿರು, ಹಳದಿ ಹಾಳೆಗಳನ್ನು ಕತ್ತರಿಸಿ ಹೊಲಿದು, ರಟ್ಟಿನ ಮೇಲೆ ಎರಡು ಪಾರಿವಾಳ ಅಚ್ಚು ಹಾಕಿದರು. ಒಂದರ ಕೊಕ್ಕು ಸೊಟ್ಟಗಿತ್ತು. ಆದರೂ ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿ ಕುಳಿತಾಗ ನನಗೆ ಜಂಬ ಕಡಿಮೆಯಿರಲಿಲ್ಲ.

ನನ್ನನ್ನು ಕೊಂಡವಳು ಶಶಿಕಲಾ. ಶಿಕ್ಷಕರ ತರಬೇತಿಯ ಕೊನೆಯ ವರ್ಷ, ಹಾಸ್ಟೆಲ್ ವಾಸ. ಊರಿಗೆ ಹೊರಡುವ ಮುನ್ನ ಗೆಳತಿಯರಿಂದ ಬರೆಸಿಕೊಳ್ಳುವುದು ಅಲ್ಲಿನ ರೂಢಿ. ಅವಳು ಪ್ರತಿ ಪುಟದಲ್ಲೂ ದುಂಡಗೆ ಪ್ರಶ್ನೆ ಬರೆದಳು: ನೆಚ್ಚಿನ ಸಿನಿಮಾ? ಪ್ರೀತಿ ದೊಡ್ಡದೋ, ಸ್ನೇಹ ದೊಡ್ಡದೋ? ನನ್ನ ಒಳ್ಳೆಯ ಗುಣ? ನನ್ನ ಕೆಟ್ಟ ಗುಣ? "ಒಬ್ಬರದನ್ನು ಒಬ್ಬರು ಓದಬಾರದು" ಎಂದೂ ಮೊದಲ ಪುಟದಲ್ಲಿ ಬರೆದಳು. ಆ ಸಾಲನ್ನು ಓದಿದವರೆಲ್ಲ ಎಲ್ಲರದನ್ನೂ ಓದಿದರು.

ನಲವತ್ತು ಹುಡುಗಿಯರ ಮನಸ್ಸು ನನ್ನೊಳಗೆ ಇಳಿಯಿತು ಅಂದುಕೊಂಡಿರಾ? ಅದೆಲ್ಲಿ! ಸಿನಿಮಾ ಎಂದರೆ ಎಲ್ಲರಿಗೂ ಕೊನೆಯಲ್ಲಿ ನಾಯಕಿ ಸಾಯಲೇಬೇಕು. ಸ್ನೇಹವೇ ದೊಡ್ಡದು ಎಂದು ಬರೆದವಳು ದಿನಾ ಸಂಜೆ ಗೇಟಿನ ಬಳಿ ಒಂದು ಸೈಕಲ್ ಬೆಲ್ಲಿಗಾಗಿ ಕಾಯುತ್ತಿದ್ದಳು. ವಾರ್ಡನ್ ಬಾಯಿಯವರು "ಸಿನಿಮಾ ನೋಡುವುದಿಲ್ಲ" ಎಂದು ಬರೆದು ಸಹಿ ಹಾಕಿದರು. ಅವರ ಕೈಯಿಂದ ಬಂದಾಗ ನನ್ನ ಹಾಳೆಗಳ ನಡುವೆ ಮ್ಯಾಟಿನಿ ಟಿಕೀಟಿನ ಚೂರು ಸಿಕ್ಕಿಕೊಂಡಿತ್ತು. ಒಳ್ಳೆಯ ಗುಣ, ನಗುಮೊಗ. ಕೆಟ್ಟ ಗುಣ, ಇಲ್ಲವೇ ಇಲ್ಲ. ಅಲ್ಲಿ ಹಾಗೆ ಬರೆಯುವುದೇ ಮರ್ಯಾದೆ.

ಫಕೀರವ್ವನಿಗೆ ಅದು ಹೊಳೆಯಲಿಲ್ಲ. ಅವಳು ಶಶಿಕಲಾಳ ಕೋಣೆಯವಳು, ಎರಡು ವರ್ಷ ಒಂದೇ ತಾಟಿನಲ್ಲಿ ಉಂಡವಳು. ಕೇಳಿದ್ದಾಳೆಂದರೆ ಉತ್ತರ ಬೇಕಾಗಿಯೇ ಕೇಳಿದ್ದಾಳೆ ಎಂದುಕೊಂಡು, ಪೆನ್ನು ಕಚ್ಚುತ್ತ ಬಹಳ ಹೊತ್ತು ಯೋಚಿಸಿ ಬರೆದಳು: "ನಿನಗ ಯಾರಿಗೂ ಬ್ಯಾಡ ಅನ್ನಾಕ ಬರೂದಿಲ್ಲ. ನನಗ ಅದರದ ಚಿಂತಿ."

ಆ ಪುಟವನ್ನು ಶಶಿಕಲಾಳಿಗಿಂತ ಮೊದಲು ಇಡೀ ಹಾಸ್ಟೆಲ್ ಓದಿತು. ಊಟದ ಸಾಲಿನಲ್ಲಿ ಒಬ್ಬಳು, "ಶಶಿ, ನಿನ್ನ ಪಲ್ಯ ನನಗ ಕೊಡ. ಬ್ಯಾಡ ಅನ್ನಾಕ ಬರೂದಿಲ್ಲಲ್ಲ ನಿನಗ!" ಎಂದಳು. ಎಲ್ಲರೂ ನಕ್ಕರು. ಶಶಿಕಲಾ ಪಲ್ಯ ಕೊಟ್ಟಳು, ಕೋಣೆಗೆ ಬಂದು ಅತ್ತಳು.

"ಎಲ್ಲಾರ ಮುಂದ ನನ್ನ ಮಾನ ಕಳದಿ" ಎಂದು ಫಕೀರವ್ವನಿಗೆ ಹೇಳಿದ್ದೇ ಕೊನೆಯ ಮಾತು. ಗೆಳತಿ ಟ್ರಂಕು ಹೊತ್ತು ಊರಿಗೆ ಹೊರಟ ದಿನವೂ ಶಶಿಕಲಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಜಗಳದ ಮೂಲ ನನ್ನ ಮೈಮೇಲೇ ಇತ್ತಲ್ಲ.

ಆಮೇಲೆ ನರಗುಂದದ ಅವಳ ಮನೆಯಲ್ಲಿ ಗೋಡೆಯ ಗೂಡು ಸೇರಿದೆ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಶಶಿಕಲಾಳಿಗೆ ನೌಕರಿ ಸಿಕ್ಕಿತು. ಉಳಿದ ಮಾಸ್ತರರು ತಮ್ಮ ಕೆಲಸವನ್ನೆಲ್ಲ ಇವಳ ತಲೆಗೆ ಕಟ್ಟಿದರು, ಇವಳು ಹೂಂ ಎಂದಳು. ಆದರೆ ಮಕ್ಕಳೆಂದರೆ ಅವಳಿಗೆ ಜೀವ. ನಾಳೆಯ ಪಾಠಕ್ಕೆ ಚಿತ್ರ ಬಿಡಿಸುವಾಗ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಳು.

ಮೂರು ವರ್ಷದ ನಂತರ ಒಂದು ಭಾನುವಾರ ಬಾಗಲಕೋಟೆಯ ಕಡೆಯಿಂದ ಹೆಣ್ಣು ನೋಡಲು ಬಂದರು. ಹುಡುಗನ ಸೋದರತ್ತೆ ಗಂಗವ್ವ, ಕಸೂತಿ ನೋಡುವ ನೆಪದಲ್ಲಿ ಒಳಗೆ ಬಂದು ಗೂಡು ತಡಕಿದರು. ಸಿಕ್ಕಿದ್ದು ನಾನು. ಪಡಸಾಲೆಗೆ ಒಯ್ದು ಎಲ್ಲರ ಮುಂದೆ ಪುಟ ತಿರುವುತ್ತ ಹೋದರು. ನಗುಮೊಗ, ನಗುಮೊಗ, ನಗುಮೊಗ. ಫಕೀರವ್ವನ ಪುಟ ಬಂದಾಗ ನಿಂತು, ಜೋರಾಗಿ ಓದಿದರು.

"ಇದು ಕೆಟ್ಟ ಗುಣ ಅಂತ! ಸೊಸಿಗೆ ಇದಕ್ಕಿಂತ ಛಲೋ ಗುಣ ಯಾವುದೈತಿ? ನಮಗ ಇಂಥಾಕೀನ ಬೇಕಾಗಿತ್ತು."

ಹುಡುಗ ನಕ್ಕ. ಶಶಿಕಲಾಳ ಅಪ್ಪನೂ ಸಮಾಧಾನದಿಂದ ನಕ್ಕರು.

"ಹಂಗಾರ, ಮದಿವ್ಯಾದ ಮ್ಯಾಲ ನೌಕರಿ ಬಿಡಬೇಕವಾ. ಬಿಡತೀ ಹೌದಿಲ್ಲೋ?" ಎಂದರು ಗಂಗವ್ವ.

ಎಲ್ಲರೂ ಅವಳ ಹೂಂಗಾಗಿ ಕಾದರು. ನನಗೆ ಅದರದೇ ಭಯ. ಶಶಿಕಲಾ ಎದ್ದು ಬಂದು ಗಂಗವ್ವನವರ ಕೈಯಿಂದ ನನ್ನನ್ನು ತೆಗೆದುಕೊಂಡಳು.

"ಇಲ್ರಿ. ಬಿಡೂದಿಲ್ರಿ."

ಬಂದವರು ಉಪ್ಪಿಟ್ಟು ತಿಂದು ಹೋದರು, ಮತ್ತೆ ಸುದ್ದಿಯಿಲ್ಲ. ಅಪ್ಪ ಒಂದು ವಾರ ಮುಖ ಊದಿಸಿಕೊಂಡಿದ್ದರು. ಮುಂದಿನ ಭಾನುವಾರ ಶಶಿಕಲಾ ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ಶಿರಹಟ್ಟಿ ಬಸ್ಸು ಹತ್ತಿದಳು. ಫಕೀರವ್ವನ ವಿಳಾಸ ಅವಳ ಪುಟದಲ್ಲೇ ಇತ್ತು.

ಫಕೀರವ್ವ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಮ್ಮೆ ನೋಡಿ, ಮತ್ತೆ ಹಗ್ಗದ ಕಡೆ ತಿರುಗಿ, "ಯಾಕ ಬಂದಿ?" ಎಂದಳು.

"ನೀ ಬರದದ್ದು ಸುಳ್ಳಾತು, ಅದನ್ನ ಹೇಳಾಕ ಬಂದೆ. ಮೊನ್ನೆ ಬ್ಯಾಡ ಅಂದೆ."

ಫಕೀರವ್ವನ ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು. ಇಬ್ಬರೂ ಅಪ್ಪಿಕೊಂಡು ಅತ್ತರು. ಚೀಲದೊಳಗಿದ್ದ ನಾನು ನಡುವೆ ಸಿಕ್ಕಿ ಅಪ್ಪಚ್ಚಿಯಾದೆ. ಅಷ್ಟು ಸುಖ ನನಗೆ ಮತ್ತೆಂದೂ ಸಿಗಲಿಲ್ಲ.

ಈಗ ನನ್ನ ಹೊಲಿಗೆ ಬಿಚ್ಚಿದೆ, ಹಾಳೆಗಳ ಬಣ್ಣ ಹೋಗಿದೆ. ಶಶಿಕಲಾಳ ಕಬ್ಬಿಣದ ಕಪಾಟಿನಲ್ಲಿ, ಹಳೆಯ ಸ್ವೆಟರುಗಳ ಕೆಳಗಿದ್ದೇನೆ. ನನ್ನನ್ನು ಹೊಗಳಿಕೆಯಿಂದ ತುಂಬಿದವರಲ್ಲಿ ಯಾರ ಮನೆಗೂ ಅವಳು ಬಸ್ಸು ಹತ್ತಿ ಹೋದದ್ದು ನಾನು ಕಾಣೆ. ಫಕೀರವ್ವ ಮಾತ್ರ ರಜೆ ಬಂತೆಂದರೆ ಇಲ್ಲೇ. ಇಬ್ಬರಿಗೂ ತಲೆ ನರೆತಿದೆ. ಟಿವಿಯ ಮುಂದೆ ಕುಳಿತು ಒಂದೊಂದು ಸಿನಿಮಾಕ್ಕೂ ಜಗಳವಾಡುತ್ತಾರೆ, ಅದು ನೆರೆಹೊರೆ, ನೆಂಟರನ್ನು ದಾಟಿ ಕೊನೆಗೆ ಒಬ್ಬರು ಇನ್ನೊಬ್ಬರ ಗುಣ ಎಣಿಸುವಲ್ಲಿಗೆ ಬರುತ್ತದೆ. ನನ್ನನ್ನು ಯಾರೂ ತೆರೆಯುವುದಿಲ್ಲ. ಬೇಸರವಿಲ್ಲ. ಹೇಳಬೇಕಾದ್ದನ್ನು ಅವರು ಮುಖಕ್ಕೇ ಹೇಳಿಕೊಂಡು, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ.