ಆಗದ ಲಗ್ನದ ಸೋಡಚೀಟಿ

ದೊಡ್ಡ ಚಾದರದ ಒಂದು ತುದಿ ಬಸಲಿಂಗವ್ವನ ಕೈಯಲ್ಲಿತ್ತು, ಇನ್ನೊಂದು ಮಗಳು ಸಿರಿಶಾಳ ಕೈಯಲ್ಲಿ. ಲಂಡನ್ನಿನ ಇಲ್ಫರ್ಡಿನ ಆ ಸಾಲುಮನೆಯ ಹಿತ್ತಲಲ್ಲಿ ಶನಿವಾರದ ಬಿಸಿಲು ಬಿದ್ದಿತ್ತು. ತಾಯಿ ಮಗಳು ಚಾದರವನ್ನು ಜಗ್ಗಿ ಕೊಡವಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸಿ, ಮತ್ತೆ ಹಿಂದೆ ಸರಿಯುತ್ತಿದ್ದರು. ಗದಗಿನಿಂದ ಬಂದ ಮೂರು ವಾರದಲ್ಲಿ ಬಸಲಿಂಗವ್ವ ಹೇಳಬೇಕಾದ್ದನ್ನೆಲ್ಲ ಇಂಥ ಕೆಲಸದ ನಡುವೆಯೇ ಹೇಳಿದ್ದಳು. ಕೈಯಲ್ಲಿ ಕೆಲಸವಿದ್ದರೆ ಮಗಳು ಎದ್ದು ಹೋಗಲಾರಳು.

“ನಿಮ್ಮ ಮಹಾಲಿಂಗಪ್ಪ ಕಾಕಾ ಮತ್ತ ಫೋನ್ ಮಾಡಿದ್ದ. ಹುಡುಗ ಇಲ್ಲೇ ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಾಗ ಅದಾನಂತ. ನಿಂದು ಮೊದಲನೇ ಸಂಬಂಧ ಅಂತನ ಹೇಳ್ಯಾನ.”

“ಮೊದಲನೇದಲ್ಲಲಾ ಯವ್ವಾ.”

“ತಾಳಿ ಕಟ್ಟಿಲ್ಲ, ಅಕ್ಕಿಕಾಳು ಬಿದ್ದಿಲ್ಲ. ಆಗದ ಲಗ್ನಕ್ಕ ಸೋಡಚೀಟಿ ಯಾಕ ಬೇಕು?”

ಆರೇಳು ವರ್ಷದ ಹಿಂದೆ ಸಿರಿಶಾ ಮತ್ತು ಪ್ರಸಾದ ನೆದರ್ಲೆಂಡ್ಸಿನಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಯ ಪುರಸಭೆಗೆ ಹೋಗಿ ಸಂಗಾತಿಗಳೆಂದು ನೋಂದಣಿ ಮಾಡಿಸಿದ್ದರು. ಲಗ್ನ ಮಾತ್ರ ಮೇ ತಿಂಗಳಲ್ಲಿ ಗದಗಿನಲ್ಲಿ ಎಂದು ಮಂಟಪ ಹಿಡಿದಾಗಿತ್ತು. ಕೊರೋನಾ ಬಂದು ಮಂಟಪ ಬಾಗಿಲು ಹಾಕಿತು. ಮುಂದಿನ ವರ್ಷ, ಅದರ ಮುಂದಿನ ವರ್ಷ ಎನ್ನುತ್ತ ಇಬ್ಬರೂ ಲಂಡನ್ನಿಗೆ ಬಂದರು. ಮುಹೂರ್ತ ಕೂಡಿಬರುವ ಮೊದಲೇ ಸಂಸಾರ ಮುರಿಯಿತು.

ಡಚ್ ಕಾಯ್ದೆಯಲ್ಲಿ ಆ ನೋಂದಣಿ ಹೆಚ್ಚುಕಡಿಮೆ ಮದುವೆಯಷ್ಟೇ ಗಟ್ಟಿ. ಬಿಡಿಸಿಕೊಳ್ಳುವ ದಾರಿ ಮಾತ್ರ ಸಲೀಸು. ಚಿಕ್ಕ ಮಕ್ಕಳಿಲ್ಲದವರು ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಇಬ್ಬರೂ ಒಪ್ಪಿ ಸಹಿ ಹಾಕಿದರೆ, ವಕೀಲರೂ ಸಹಿ ಹಾಕಿ ಪುರಸಭೆಗೆ ಕಳಿಸುತ್ತಾರೆ. ಪ್ರಸಾದ ತನ್ನ ಸಹಿ ಹಾಕಿ ಕಳಿಸಿದ ಬಿಡುಗಡೆಯ ಕಾಗದ, ಅವ್ವನ ಬಾಯಲ್ಲಿ ಸೋಡಚೀಟಿ, ಹದಿನಾಲ್ಕು ತಿಂಗಳಿಂದ ಸಿರಿಶಾಳ ಕಪಾಟಿನಲ್ಲಿತ್ತು. ವಕೀಲರ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯೂ ಅದರ ಜೊತೆಗೇ ಇತ್ತು. ಸಹಿ ಹಾಕಿದರೆ ಅವಳು ಗಂಡನನ್ನು ಬಿಟ್ಟವಳು. ಹಾಕದಿದ್ದರೆ, ಅವ್ವ ಹೇಳುವಂತೆ, ಏನೂ ಆಗಲೇ ಇಲ್ಲ. ಆ ಮಾತಿನ ನೆರಳಿನಲ್ಲಿ ಅವಳೂ ಇಷ್ಟು ದಿನ ತೆಪ್ಪಗೆ ಕೂತಿದ್ದಳು.

“ಸಹಿ ಹಾಕೋತನಕ ಕಾಯ್ದೆ ಪ್ರಕಾರ ನಾ ಇನ್ನೂ ಅವನಾಕಿನ.”

“ಯಾರಿಗೆ ಗೊತ್ತಾಗಬೇಕು? ಆ ಊರಿನ ರಿಜಿಸ್ಟರ್ ತಗದು ನೋಡಾಕ ಗದಗಿನಿಂದ ಯಾರು ಹೊಂಟಾರ? ಹರದು ಒಗಿ ಅದನ್ನ.”

ಸಿರಿಶಾ ನಿಂತುಬಿಟ್ಟಳು. “ನಾಕು ವರ್ಷ ಬಾಳೇವು ಮಾಡೀನಿ ಯವ್ವಾ. ಜ್ವರ ಬಂದಾಗ ಗಂಜಿ ಕುಡಿಸೀನಿ, ಜಗಳಾಡೀನಿ, ಅತ್ತೀನಿ. ಎಲ್ಲಾ ಸುಳ್ಳು ಅನ್ನಲಿ?”

“ಅಕ್ಕಿಕಾಳs ಬಿದ್ದಿಲ್ಲ ಅಂತೀನಿ...”

“ಬಿದ್ದಾವ. ನೀನs ಹಾಕಿದ್ದಿ.”

ಬಸಲಿಂಗವ್ವನ ಕಡೆಯ ಚಾದರ ಜೋತುಬಿತ್ತು. ಪುರಸಭೆಯಲ್ಲಿ ಇಬ್ಬರೂ ಸಹಿ ಮಾಡುವುದನ್ನು ಅಂದು ಅವಳು ಇಳಕಲ್ ಸೀರೆಯುಟ್ಟು, ಗದಗಿನ ಮನೆಯ ಪಡಸಾಲೆಯಲ್ಲಿ ಕೂತು ವಿಡಿಯೊ ಕಾಲಿನಲ್ಲಿ ನೋಡಿದ್ದಳು.

“ಮುಷ್ಟಿ ತುಂಬ ಹಿಡಕೊಂಡು ಫೋನಿನ ಮ್ಯಾಲ ಹಾಕಿದ್ದಿ. ಟಪಟಪ ಸಪ್ಪಳಾತು. ಕಾಕಾ ಹಿಂದ ನಿಂತು ‘ಏ ವೈನೀ, ಗ್ಲಾಸು ಒಡದೀತು’ ಅಂತ ನಗಾಕತ್ತಿದ್ದ. ಅರಿಶಿಣ ಹಚ್ಚಿದ ಅಕ್ಕಿ. ಹಾಕು ಅಂತ ನಿನಗ ಯಾರೂ ಹೇಳಿರಲಿಲ್ಲ.”

ಬಸಲಿಂಗವ್ವ ಜೋತುಬಿದ್ದ ಅಂಚನ್ನು ಎತ್ತಿ ಕೊಡವಿದಳು.

“ಸುಮ್ಮ ಕುಂಡ್ರಾಕ ಆಗಲಿಲ್ಲ,” ಎಂದಳು. “ನಮ್ಮವರು ಒಬ್ಬರೂ ಇರಲಿಲ್ಲ ಅಲ್ಲಿ.”

“ಅದಕ್ಕs ಹೇಳ್ತೀನಿ. ಲಗ್ನ ಆಗಿತ್ತು, ಮುರೀತು. ಕಾಕಾಗೂ ಹಂಗs ಹೇಳ್ತೀನಿ, ಆ ಹುಡುಗಗೂ ಹಂಗs ಹೇಳ್ತೀನಿ. ಒಲ್ಲೆ ಅಂದ್ರ ಅನ್ನಲಿ.”

ಬಸಲಿಂಗವ್ವ ನಡೆದು ಬಂದು ತನ್ನ ತುದಿಯನ್ನು ಮಗಳ ಕೈಗಿಟ್ಟಳು.

“ಪೆನ್ನು ಎಲ್ಲೈತಿ?” ತಾಯಿಯೇ ಕೇಳಿದಳು.

ಅಡುಗೆಮನೆಯ ಮೇಜಿನ ಮೇಲೆ ಸಿರಿಶಾ ಪುಟಪುಟಕ್ಕೂ ಸಹಿ ಹಾಕಿದಳು. ಹದಿನಾಲ್ಕು ತಿಂಗಳಲ್ಲಿ ದರ ಏರಿರಬಹುದೆಂದು ಲಕೋಟೆಗೆ ಇನ್ನೊಂದು ಅಂಚೆಚೀಟಿ ಅಂಟಿಸಿದಳು. ಬಸಲಿಂಗವ್ವ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕರೆಯದೆಯೇ ಜೊತೆಗೆ ಹೊರಟಳು.

ಮೂಲೆಯ ಕೆಂಪು ಅಂಚೆ ಡಬ್ಬಿಯ ಬಾಯಲ್ಲಿ ದಪ್ಪ ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಸಿರಿಶಾ ಅಂಗೈಯಿಂದ ಒತ್ತಿದಳು. ಒಳಗೆ ಬಿದ್ದ ಸದ್ದು ಕೇಳಿಸಿತು.

“ತಗೊಂಡು ಹೋಗಾಂವ ಎಷ್ಟಕ್ಕ ಬರ್ತಾನ?”

“ಹನ್ನೆರಡಕ್ಕ.”

“ಇನ್ನ ಹತ್ತು ನಿಮಿಷ ಐತಿ. ತಡಿ.”

ಬಸಲಿಂಗವ್ವ ಪಕ್ಕದ ಮನೆಯ ಗಿಡ್ಡ ಗೋಡೆಯ ಮೇಲೆ ಕೂತು, ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ಅಂಚೆಯ ಕೆಂಪು ವ್ಯಾನು ಬರುವ ದಾರಿಯನ್ನೇ ನೋಡತೊಡಗಿದಳು.